ಇಪ್ಪತ್ತೆಂಟಕ್ಕೊಮ್ಮೆ

ನಮ್ಮೂರಿನ ನೆಲ ಮಿಡಿಯುತ್ತದೆ. ಒಂದು ದೊಡ್ಡ ಪೆಟ್ಟು, ಅದರ ಬೆನ್ನಿಗೆ ಮೂರು ಸಣ್ಣ ಪೆಟ್ಟು, ಮತ್ತೆ ದೊಡ್ಡದು. ಹೊರಗಿನಿಂದ ಬಂದವರು ಎರಡು ದಿನ ವಾಂತಿ ಮಾಡಿಕೊಳ್ಳುತ್ತಾರೆ. ಮೂರನೆಯ ದಿನ ಒಂದೋ ಹೊಂದಿಕೊಳ್ಳುತ್ತಾರೆ, ಇಲ್ಲವೇ ಬಸ್ಸು ಹತ್ತುತ್ತಾರೆ. ನಮಗೆ ಅದರ ಪರಿವೆಯೇ ಇರುವುದಿಲ್ಲ. ಕ್ಷೌರದವನ ಕತ್ತಿ ದೊಡ್ಡ ಪೆಟ್ಟಿಗೆ ಕೆನ್ನೆ ಬಿಟ್ಟು ಮೇಲೇಳುತ್ತದೆ. ಹೋಟೆಲಿನವನು ಮೂರನೆಯ ಪೆಟ್ಟಿಗೆ ಚಹಾ ಸುರಿಯುತ್ತಾನೆ. ಡಾಕ್ಟರು ನಾಡಿ ಹಿಡಿದರೆ ನೆಲದ್ದನ್ನು ಕಳೆದು ಉಳಿದದ್ದನ್ನು ಚೀಟಿಯಲ್ಲಿ ಬರೆಯುತ್ತಾರೆ. ತೊಟ್ಟಿಲನ್ನು ಯಾರೂ ತೂಗಬೇಕಾಗಿಲ್ಲ. ಪೇಟೆಯ ಬೀದಿಯಲ್ಲಿ ನೂರು ಜನ ನಡೆದರೂ ಕೇಳಿಸುವುದು ಒಂದೇ ಹೆಜ್ಜೆಯ ಸದ್ದು.

ಊರಿಗೆ ಅನ್ನ ಕೊಡುವುದು ಹಂಚಿನ ಕಾರ್ಖಾನೆ. ಅಲ್ಲಿ ಒಂದೇ ಶೆಡ್ಡಿನಲ್ಲಿ ಏಳೆಂಟು ಅಚ್ಚುಗಳಿವೆ. ದೊಡ್ಡ ಪೆಟ್ಟು ಬಂದಾಗ ಮೇಲಿನ ಕಬ್ಬಿಣದ ಅಚ್ಚು ತಾನಾಗಿ ಬೀಳುತ್ತದೆ. ಎರಡನೆಯ ಪೆಟ್ಟಿಗೆ ಅದು ಎದ್ದಾಗ ಹಸಿ ಹಂಚನ್ನು ತೆಗೆಯಬೇಕು, ಮೂರಕ್ಕೆ ಹೊಸ ಮಣ್ಣಿನ ಹಲಗೆ ಇಡಬೇಕು, ನಾಲ್ಕಕ್ಕೆ ಕೈ ಹಿಂದಕ್ಕೆ. ಹೆಂಗಸರು ಅದನ್ನೇ ರಾಗವಾಗಿ ಹೇಳಿಕೊಳ್ಳುತ್ತಾರೆ: ಬಿತ್ತು, ತೆಗಿ, ಇಡು, ಬಿಡು. ಶೆಡ್ಡಿನೊಳಗೆ ಬಾಯಲ್ಲಿ ಬೇರೆ ಯಾವ ಹಾಡೂ ಇರಕೂಡದು. ಬೇರೆ ಲೆಕ್ಕದ ಪೆಟ್ಟನ್ನು ಒಳಗೆ ತಂದವರನ್ನು ಹೊಳೆಯ ಸೇತುವೆ ದಾಟಿಸಿ ಬಿಡುತ್ತಾರೆ. ಸೇತುವೆಯ ಆಚೆ ನೆಲ ಸುಮ್ಮನಿರುತ್ತದೆ. ನಮ್ಮೂರಲ್ಲಿ ಹುಟ್ಟಿದವರಿಗೆ ಆ ನೆಲದ ಮೇಲೆ ನೆಟ್ಟಗೆ ನಡೆಯಲು ಬರುವುದಿಲ್ಲ, ನಿದ್ದೆ ಹತ್ತುವುದಿಲ್ಲ, ತಿಂದದ್ದು ಮೈಗೆ ಹಿಡಿಯುವುದಿಲ್ಲ. ಹಾಗೆ ಹೋದವರಲ್ಲಿ ಬಹಳ ವರ್ಷ ಬಾಳಿದವರು ಕಡಿಮೆ.

ಮೂರನೆಯ ಅಚ್ಚಿನಲ್ಲಿ ದೇಯಕ್ಕ ಇಪ್ಪತ್ತೊಂಬತ್ತು ವರ್ಷ ಕೂತಿದ್ದರು. ಅವರ ಹಿಂದೆ ನಿಂತು ಹಸಿ ಹಂಚನ್ನು ಹೊತ್ತು ಒಣಗುವ ಅಟ್ಟಕ್ಕೆ ಏರಿಸುವವನು ನಾನು, ಬೊನವೆಂಚರ್. ಎಲ್ಲರೂ ಬೋನಿ ಎನ್ನುತ್ತಿದ್ದರು. ದೇಯಕ್ಕನ ಮಗಳು ಗುಲಾಬಿ ಮಣ್ಣು ಹದ ಮಾಡುವ ಕಡೆ ಕೆಲಸಕ್ಕಿದ್ದಳು. ಅವಳ ತೋಳು ಗಂಡಸರ ತೋಳಿನಂತಿತ್ತು. ಮಾತು ಕಡಿಮೆ, ಬೆರಳುಗಳಿಗೆ ಮಾತ್ರ ಬಿಡುವಿಲ್ಲ. ಊಟದ ಡಬ್ಬಿ, ಬೆಂಚು, ಪಕ್ಕದವಳ ಬೆನ್ನು, ಏನು ಸಿಕ್ಕಿದರೂ ಬಾರಿಸುವವಳು. ಮುಚ್ಚಿಹೋದ ಶಾಲೆಯ ಬ್ಯಾಂಡ್‌ಸೆಟ್ಟಿನ ಡ್ರಮ್ಮುಗಳನ್ನು ಅವಳು ಬೇಡಿ ತಂದು, ದೋಣಿ ರಿಪೇರಿಯ ಹಳೆಯ ಕೊಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದಳು. ನಾನು ಇಗರ್ಜಿಯಲ್ಲಿ ಪ್ರಾರ್ಥನೆ ಹಾಡುವವರ ಗುಂಪಿನಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದವನು. ಹಡಗಿನಲ್ಲಿ ಕೆಲಸ ಮಾಡಿ ಬಂದಿದ್ದ ಅಬ್ಬುವಿಗೆ ಗಿಟಾರೂ ಬರುತ್ತಿತ್ತು, ಗಂಟಲೂ ಇತ್ತು. ಹೀಗೆ ನಾವು ಮೂವರು ಸೇರಿ ಆದಿತ್ಯವಾರಗಳಲ್ಲಿ ರಾಕ್ ಬಾರಿಸುತ್ತಿದ್ದೆವು. ಎಲ್ಲ ಹಾಡೂ ನಾಲ್ಕರ ಲೆಕ್ಕದ್ದೇ. ನೆಲ ಬಾರಿಸಿದ್ದನ್ನೇ ನಾವು ಇನ್ನಷ್ಟು ಜೋರಾಗಿ ಬಾರಿಸುತ್ತಿದ್ದೆವು, ಅಷ್ಟೆ.

ಒಂದು ಮಧ್ಯಾಹ್ನ ಅಬ್ಬು ಒಂದು ಕ್ಯಾಸೆಟ್ ಹಾಕಿದ. ಯಾವುದೋ ಬಂದರಿನಲ್ಲಿ ಕೊಂಡದ್ದು, ಮೇಲಿನ ಚೀಟಿ ಕಿತ್ತು ಹೋಗಿತ್ತು. ಮೊದಲು ಟೇಪ್ ಸಿಕ್ಕಿಹಾಕಿಕೊಂಡಿದೆ ಎಂದುಕೊಂಡೆ. ಗಿಟಾರು ಒಂದು ಮಾತನ್ನು ಶುರು ಮಾಡಿ, ಅದು ಮುಗಿಯುವ ಮೊದಲೇ ಮತ್ತೆ ಮೊದಲಿನಿಂದ ಶುರು ಮಾಡುತ್ತಿತ್ತು. ನನ್ನ ಕಾಲು ತಾಳ ಹಾಕಲು ಹೋಗಿ ಎಡವಿತು. ಕೂತಲ್ಲೇ ಎಡವುವುದು ಹೇಗೆಂದು ಆವತ್ತೇ ನನಗೆ ಗೊತ್ತಾದದ್ದು. ಅಬ್ಬು ನಗುತ್ತಿದ್ದ. ಗುಲಾಬಿ ನಗಲಿಲ್ಲ. ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದುಕೊಂಡು, ಮೂರು ಸಲ ಅದೇ ಹಾಡನ್ನು ಹಾಕಿಸಿದಳು.

"ಏಳು. ಮೂರು ಮತ್ತು ನಾಲ್ಕು. ತಕಿಟ, ತಕಧಿಮಿ. ಎಂಟನೆಯದು ಇಲ್ಲವೇ ಇಲ್ಲ," ಎಂದಳು.

"ಎಂಟನೆಯದಕ್ಕೆ ಏನಾಯ್ತು?" ಎಂದೆ.

"ಅದೇ ಉಂಟಲ್ಲ ಬೋನಿ, ಅಲ್ಲಿಯೇ ಇರುವುದು ಮಜಾ. ಏಳು ಮುಗೀತು, ಎಂಟಕ್ಕೆ ನೀನು ಕಾಲು ಎತ್ತಿದ್ದಿ, ಅಷ್ಟರಲ್ಲಿ ಒಂದು ಬಂದು ನಿನ್ನನ್ನು ಹಿಡ್ಕೊಳ್ತದೆ. ಪ್ರತಿ ಸಲವೂ ಬಿದ್ದೆ ಅಂತಾಗ್ತದೆ. ಬೀಳುದಿಲ್ಲ."

ಅವಳು ನನ್ನೊಂದಿಗೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ಆ ಕ್ಯಾಸೆಟ್ಟಿನ ಹಾಡನ್ನು ನಾವು ಬಾರಿಸಲಿಲ್ಲ. ನಮ್ಮದೇ ಒಂದನ್ನು ಕಟ್ಟಿದೆವು. ನಾಲ್ಕು ತಿಂಗಳು ಬೇಕಾಯಿತು. ಮೊದಮೊದಲು ನನ್ನ ಬೆರಳು ಏಳು ಮುಟ್ಟುವ ಮೊದಲೇ ಕಾಲಡಿಯ ನೆಲ ನನ್ನನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿತ್ತು. ಗುಲಾಬಿ ಬೈಯಲಿಲ್ಲ. "ನೆಲದ ಜೊತೆ ಜಗಳ ಮಾಡ್ಬೇಡ. ಅದು ಅದರಷ್ಟಕ್ಕೆ ಹೋಗ್ಲಿ, ನೀನು ನಿನ್ನಷ್ಟಕ್ಕೆ ಹೋಗು. ಮುಂದೆ ಎಲ್ಲಾದರೂ ಸಿಗ್ತೀರಿ," ಎಂದಳು. ನಿಜವಾಗಿಯೂ ಸಿಗುತ್ತಿದ್ದೆವು. ನೆಲ ನಾಲ್ಕರಲ್ಲಿ ಹೋಗುತ್ತದೆ, ಹಾಡು ಏಳರಲ್ಲಿ. ಇಪ್ಪತ್ತೆಂಟು ಪೆಟ್ಟು ಕಳೆದ ಮೇಲೆ ನೆಲದ ದೊಡ್ಡ ಪೆಟ್ಟು ಮತ್ತು ಹಾಡಿನ ಮೊದಲ ಪೆಟ್ಟು ಒಟ್ಟಿಗೆ ಬಂದು ಬೀಳುತ್ತವೆ. ಅಲ್ಲಿಯವರೆಗೆ ನೀವು ಒಬ್ಬಂಟಿ. ಕಾಲು ಒಂದು ಕಡೆ, ಎದೆ ಇನ್ನೊಂದು ಕಡೆ, ದಾರಿ ತಪ್ಪಿದೆ ಎನ್ನುವಷ್ಟು ದೂರ ಹೋಗಿರುತ್ತೀರಿ. ಆಮೇಲೆ ಆ ಪೆಟ್ಟು. ಮೊದಲ ಸಲ ಅದನ್ನು ಮೂವರೂ ಒಟ್ಟಿಗೆ ಮುಟ್ಟಿದಾಗ ಅಬ್ಬು ಗಿಟಾರನ್ನು ಕೆಳಗಿಟ್ಟು ಹೊರಗೆ ಹೋಗಿ, ಮುಖ ತೊಳೆದುಕೊಂಡು ಬಂದ. ಹುಟ್ಟಿದಂದಿನಿಂದ ಕಾಲಡಿಯಲ್ಲೇ ಇದ್ದ ಆ ದೊಡ್ಡ ಪೆಟ್ಟನ್ನು ನಾನು ನಿಜವಾಗಿ ಕೇಳಿಸಿಕೊಂಡದ್ದು ಆವತ್ತೇ.

ಕಾರ್ಖಾನೆಯ ಕ್ಯಾಂಟೀನಿನ ಹಜಾರದಲ್ಲಿ ಒಂದು ಆದಿತ್ಯವಾರ ಸಂಜೆ ನಾಲ್ಕು ಗಂಟೆಗೆ ಬಾರಿಸಿದೆವು. ಶೆಡ್ಡಿನಿಂದ ಅದು ದೂರ, ಆದ್ದರಿಂದ ಕಟ್ಟಳೆಯ ಅಡ್ಡಿಯಿರಲಿಲ್ಲ. ಇನ್ನೂರು ಜನ ಬಂದಿದ್ದರು. ಶುರುವಿನಲ್ಲಿ ನಾಲ್ಕರ ಹಾಡುಗಳಿಗೆ ಚಪ್ಪಾಳೆ ತಟ್ಟಿದರು. ಏಳರದ್ದು ಶುರುವಾದಾಗ ಚಪ್ಪಾಳೆ ಚದುರಿಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ ಕುರ್ಚಿ ಹಿಡಿದುಕೊಂಡರು. ಒಬ್ಬಳು ಗಂಡನ ತೋಳಿಗೆ ಜೋತುಬಿದ್ದು ಗಟ್ಟಿಯಾಗಿ ನಗತೊಡಗಿದಳು. ಇಪ್ಪತ್ತೆಂಟು ಮುಗಿದು ಎರಡೂ ಪೆಟ್ಟು ಕೂಡಿದಾಗ ಇಡೀ ಹಜಾರದಿಂದ ಒಂದು ಕೂಗು ಎದ್ದಿತು. ಹೇಳಿಕೊಟ್ಟದ್ದಲ್ಲ, ತಾನಾಗಿ ಬಂದದ್ದು. ಎರಡನೆಯ ಸುತ್ತಿಗೆ ಅವರಿಗೆ ಗೊತ್ತಾಗಿತ್ತು, ಕಾಯುತ್ತಿದ್ದರು. ಮೂರನೆಯದಕ್ಕೆ ಜನರ ಕಣ್ಣಲ್ಲಿ ನೀರಿತ್ತು.

ದೇಯಕ್ಕ ಬಾಗಿಲ ಹತ್ತಿರ ನಿಂತಿದ್ದರು. ಮಗಳ ಈ ಬಡಿತ ಅವರಿಗೆ ಮೊದಲಿನಿಂದಲೂ ಸೇರುತ್ತಿರಲಿಲ್ಲ. ಮುಗಿದ ಮೇಲೆ ಮುಂದಕ್ಕೆ ಬಂದು, ಗುಲಾಬಿಯ ಬೆವರಿದ ಹಣೆಯನ್ನು ಸೆರಗಿನಿಂದ ಒರೆಸಿದರು.

"ಎಂತದ್ದು ಮಾರಾಯ್ತಿ ಇದು, ಎದೆ ಹೊರಗೆ ಹಾರಿದ ಹಾಗಾಯ್ತು," ಎಂದರು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಇನ್ನೊಮ್ಮೆ ಬಾರಿಸ್ತೀಯಾ?" ಎಂದರು.

ಗುಲಾಬಿ ತಲೆ ತಗ್ಗಿಸಿದಳು. ಅವಳ ಕಿವಿ ಕೆಂಪಾಗಿತ್ತು. ಇನ್ನೊಮ್ಮೆ ಬಾರಿಸಿದೆವು.

ಮರುದಿನ ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲಿ ದೇಯಕ್ಕ ನನ್ನ ಮುಂದೆ ಹೋಗುತ್ತಿದ್ದರು. ಅವರು ಆ ಹಾಡನ್ನು ಗುನುಗುತ್ತಿದ್ದರು. ನಾನು ತಡೆಯಬೇಕಿತ್ತು. ತಡೆಯಲಿಲ್ಲ. ನಾವು ಕಟ್ಟಿದ ಹಾಡು ಒಬ್ಬ ಹಿರಿಯ ಹೆಂಗಸಿನ ಬಾಯಲ್ಲಿ, ಅದೂ ದೇಯಕ್ಕನ ಬಾಯಲ್ಲಿ! ಹೆಮ್ಮೆಯಿಂದ ನನ್ನ ಮೈ ಬೆಚ್ಚಗಾಯಿತು. ಶೆಡ್ಡಿನೊಳಗೆ ಹೋಗಿ ಕೂತ ಮೇಲೂ ಅವರ ತುಟಿ ನಿಲ್ಲಲಿಲ್ಲ. ಅಚ್ಚುಗಳ ಗದ್ದಲದಲ್ಲಿ ಬೇರೆ ಯಾರಿಗೂ ಅದು ಕೇಳುವಂತಿರಲಿಲ್ಲ. ಅವರ ಬೆನ್ನಿಗೆ ಮೊಳ ದೂರದಲ್ಲಿ ನಿಂತ ನನಗೆ ಕೇಳುತ್ತಿತ್ತು. ಅವರ ಕೈಗಳು ಮಾತ್ರ ಇಪ್ಪತ್ತೊಂಬತ್ತು ವರ್ಷದ ಅಭ್ಯಾಸದಂತೆ ನಾಲ್ಕರಲ್ಲೇ ಓಡುತ್ತಿದ್ದವು. ಏನೂ ಆಗುವುದಿಲ್ಲ ಎಂದುಕೊಂಡೆ. ಅಷ್ಟೇ ಆಗಿದ್ದರೆ ಆಗುತ್ತಿರಲಿಲ್ಲವೋ ಏನೋ. ಹತ್ತು ಗಂಟೆಯ ಹೊತ್ತಿಗೆ ನಾನೂ ಬಾಯಿಬಿಟ್ಟೆ. ಅವರ ಹಾಡಿನ ಕೆಳಗೆ ನನ್ನ ಬೇಸಿನ ಸಾಲನ್ನು ಸೇರಿಸಿದೆ.

ದೇಯಕ್ಕ ಕೇಳಿಸಿಕೊಂಡರು. ಹಿಂದಕ್ಕೆ ತಿರುಗದೆ, ತಲೆಯನ್ನು ಒಂದಿಷ್ಟು ಓರೆ ಮಾಡಿದರು. ಅವರು ನಗುತ್ತಿದ್ದುದು ಕೆನ್ನೆಯಿಂದ ತಿಳಿಯುತ್ತಿತ್ತು. ಒಂದು ಇಪ್ಪತ್ತೆಂಟು ಮುಗಿಸಿದೆವು. ಎರಡನೆಯದರ ನಡುವೆ ಅವರ ಕೈ ನೆಲವನ್ನು ಬಿಟ್ಟು ಹಾಡನ್ನು ಹಿಡಿಯಿತು. ಮಣ್ಣಿನ ಹಲಗೆಯನ್ನು ಅವರು ಇಟ್ಟದ್ದು ಹಾಡಿನ ಮೂರನೆಯ ಪೆಟ್ಟಿಗೆ, ಸರಿಯಾಗಿಯೇ. ಕಾಲಡಿಯಲ್ಲಿ ಅದು ದೊಡ್ಡ ಪೆಟ್ಟು.

ಕೂಗು ಬರಲಿಲ್ಲ. ಅವರು ಎದ್ದು ನಿಲ್ಲಲು ನೋಡಿದರು, ಕೈ ಬರಲಿಲ್ಲ. ಎರಡನೆಯ ಪೆಟ್ಟಿಗೆ ಅಚ್ಚು ತಾನಾಗಿ ಎದ್ದಿತು. ಕೆಳಗೆ ಹಂಚಿನ ಮೇಲೆ ಕಾರ್ಖಾನೆಯ ಮೊಹರು ಎಂದಿನಂತೆ ಮೂಡಿತ್ತು.

ಆಸ್ಪತ್ರೆಯಲ್ಲಿ ಅವರ ಬಲಗೈಯನ್ನು ಮಣಿಕಟ್ಟಿನಿಂದ ತೆಗೆದರು. ಹದಿನೈದು ದಿನಗಳ ನಂತರ ಆಫೀಸಿನ ಜಗಲಿಯಲ್ಲಿ ವಿಚಾರಣೆ ನಡೆಯಿತು. ವಿಚಾರಿಸಿದವರು ಲೋಕಯ್ಯ ಮೇಸ್ತ್ರಿ. ಕೆಟ್ಟ ಮನುಷ್ಯರಲ್ಲ. ದೇಯಕ್ಕನಿಗೆ ಕೆಲಸ ಕಲಿಸಿದವರೂ ಅವರೇ.

"ದೇಯೀ, ಬಾಯಲ್ಲಿ ಹಾಡಿತ್ತಾ?" ಎಂದು ಕೇಳಿದರು.

"ಇಲ್ಲ ಮೇಸ್ತ್ರಿಗಳೇ. ವಯಸ್ಸಾಯ್ತು. ಕೈ ತಪ್ಪಿತು."

"ಇಷ್ಟು ವರ್ಷ ತಪ್ಪದ್ದು?"

"ಇಷ್ಟು ವರ್ಷ ವಯಸ್ಸಾಗಿರ್ಲಿಲ್ಲ."

ಮೇಸ್ತ್ರಿ ನನ್ನ ಕಡೆ ತಿರುಗಿದರು. "ಬೋನಿ, ನೀನು ಹಿಂದೆಯೇ ಇದ್ದವ. ನೀನು ಹೇಳು."

ದೇಯಕ್ಕ ನನ್ನನ್ನು ನೋಡಿದರು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಆಜ್ಞೆ ಇತ್ತು. ಅವರು ಮಗಳನ್ನು ಉಳಿಸುತ್ತಿದ್ದಾರೆ ಎಂದು ಮೊದಲು ಅನ್ನಿಸಿತು. ನನ್ನನ್ನೂ ಉಳಿಸುತ್ತಿದ್ದಾರೆ ಎಂಬುದು ಆಮೇಲೆ ಹೊಳೆಯಿತು. "ಹಾಡು ಇರ್ಲಿಲ್ಲ," ಎಂದೆ.

ಕಾರ್ಖಾನೆಯ ಪುಸ್ತಕದಲ್ಲಿ ದೇಯಕ್ಕನ ಹೆಸರಿನ ಮುಂದೆ ಕೈ ತಪ್ಪಿದವಳು ಎಂದು ಬರೆದರು. ನಮ್ಮೂರಿನಲ್ಲಿ ಅದು ಸಣ್ಣ ಮಾತಲ್ಲ. ಹಾಗೆ ಬರೆಸಿಕೊಂಡವರನ್ನು ಮದುವೆಯಲ್ಲಿ ಬಡಿಸಲು ಕರೆಯುವುದಿಲ್ಲ, ಅವರ ಕೈಗೆ ಮಗು ಕೊಡುವುದಿಲ್ಲ. ಅಬ್ಬು ಆ ವಾರವೇ ಹಡಗಿಗೆ ಹೊರಟುಹೋದ. ಹೋಗುವಾಗ ಕ್ಯಾಸೆಟ್ಟನ್ನು ಹೊಳೆಗೆ ಎಸೆದನಂತೆ. ನಾನು ನೋಡಲಿಲ್ಲ.

ಗುಲಾಬಿ ಒಂದು ತಿಂಗಳು ಡ್ರಮ್ಮು ಮುಟ್ಟಲಿಲ್ಲ. ಮೂರನೆಯ ಅಚ್ಚಿಗೆ ಅವಳನ್ನೇ ಕೂರಿಸಿದರು. ಒಂದು ದಿನ ಊಟದ ಬಿಡುವಿನಲ್ಲಿ ನನ್ನನ್ನು ಹಂಚು ಸುಡುವ ಗೂಡಿನ ಹಿಂದಕ್ಕೆ ಕರೆದಳು.

"ಬೋನಿ, ಒಂದೇ ಮಾತು. ಅಮ್ಮ ಹಾಡ್ತಾ ಇದ್ರಾ?"

ನಾನು ಸುಟ್ಟ ಹಂಚುಗಳ ರಾಶಿಯನ್ನು ನೋಡುತ್ತಾ ನಿಂತೆ. ಇದು ಜಗಲಿಯಲ್ಲ, ಮೇಸ್ತ್ರಿಯಿಲ್ಲ. ಇವಳಿಗೆ ನಿಜ ಹೇಳಬಹುದಿತ್ತು. ಹೇಳಿದರೆ ನಾನು ಜೊತೆಗೆ ಹಾಡಿದ್ದನ್ನೂ ಹೇಳಬೇಕು.

"ಇಲ್ಲ," ಎಂದೆ.

"ಆಣೆ?"

"ಆಣೆ."

ಅವಳು ಉಸಿರು ಬಿಟ್ಟಳು. ಹೆಗಲಿನ ಮೇಲಿದ್ದ ಮೂಟೆಯನ್ನು ಇಳಿಸಿಟ್ಟಂತೆ. ಆ ಆದಿತ್ಯವಾರ ಕೊಟ್ಟಿಗೆಯ ಬೀಗ ತೆಗೆದಳು. ನಾವಿಬ್ಬರೇ ಬಾರಿಸಿದೆವು, ಡ್ರಮ್ಮು ಮತ್ತು ಬೇಸು. ಅವಳು ಮೊದಲಿಗಿಂತ ಎಷ್ಟೋ ಚೆನ್ನಾಗಿ ಬಾರಿಸುತ್ತಿದ್ದಳು. ಏಳು ಅವಳಿಗೆ ಸಾಲದಾಯಿತು. ಹನ್ನೊಂದರದ್ದು ಒಂದು ಕಟ್ಟಿದಳು. ಅದು ನೆಲದ ಜೊತೆ ಕೂಡಲು ನಲವತ್ತನಾಲ್ಕು ಪೆಟ್ಟು ಬೇಕು. ಅಷ್ಟು ದೂರ ಹೋಗಲು ನನಗೆ ಹೆದರಿಕೆ. ಅವಳು ಕಣ್ಣು ಮುಚ್ಚಿಕೊಂಡು ಹೋಗುತ್ತಿದ್ದಳು, ಹೋಗಿ ಬರುತ್ತಿದ್ದಳು. ಕೆಲಸದಲ್ಲಿ ಅವಳ ಬಾಯಿ ಬಿಗಿದೇ ಇರುತ್ತಿತ್ತು. ಆದರೆ ಅವಳ ಹಿಂದೆ ನಿಂತ ನನಗೆ ಕುತ್ತಿಗೆಯ ನರ ಕಾಣುತ್ತಿತ್ತು. ಅದು ನಾಲ್ಕರಲ್ಲಿ ಹೊಡೆದುಕೊಳ್ಳುತ್ತಿರಲಿಲ್ಲ. ಅದನ್ನೂ ನಾನು ಯಾರಿಗೂ ಹೇಳಲಿಲ್ಲ. ಅವಳಿಗೂ ಹೇಳಲಿಲ್ಲ.

ಹೀಗೆ ಐದು ತಿಂಗಳು ಕಳೆಯಿತು. ಒಂದು ಬುಧವಾರ, ಊಟದ ಗಂಟೆಗೆ ಸ್ವಲ್ಪ ಮುಂಚೆ, ಅಚ್ಚು ಅವಳ ಎಡಗೈ ಮೇಲೆ ಬಿತ್ತು.

ಆಸ್ಪತ್ರೆಯಲ್ಲಿ ಮೂರನೆಯ ದಿನ ನನ್ನನ್ನು ಒಳಗೆ ಬಿಟ್ಟರು. ಅವಳ ಮಂಚ ಕಿಟಕಿಯ ಪಕ್ಕದಲ್ಲಿತ್ತು. ಮಂಚದ ಕಬ್ಬಿಣದ ಕಾಲುಗಳು ನೆಲದ ಪೆಟ್ಟಿಗೆ ಸಣ್ಣಗೆ ಕಿರುಗುಟ್ಟುತ್ತಿದ್ದವು. ದೇಯಕ್ಕ ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಕುಡಿಸುತ್ತಿದ್ದವರು, ನನ್ನನ್ನು ಕಂಡು ಪಾತ್ರೆ ತೊಳೆದು ತರುತ್ತೇನೆಂದು ಹೊರಗೆ ಹೋದರು.

ನಾನು ನಿಂತೇ ಹೇಳಿದೆ. "ಗುಲಾಬಿ, ನಾನು ಸುಳ್ಳು ಹೇಳಿದೆ. ಅಮ್ಮ ಹಾಡ್ತಾ ಇದ್ರು. ನಾನೂ ಜೊತೆಗೆ ಹಾಡಿದೆ."

ಅವಳು ಬಲಗೈಯಿಂದ ತುಟಿಯ ಗಂಜಿ ಒರೆಸಿಕೊಂಡಳು.

"ಗೊತ್ತುಂಟು," ಎಂದಳು. "ಅಮ್ಮ ಈಗಲೂ ನಿದ್ದೆಯಲ್ಲಿ ಅದನ್ನೇ ಗುನುಗ್ತಾರೆ. ನಿನ್ನ ಬೇಸಿನ ಜಾಗ ಬಂದಾಗ ಸುಮ್ಮನಾಗ್ತಾರೆ, ಕಾಯ್ತಾರೆ. ನಾನು ಕೇಳುವ ಮೊದಲೇ ನನಗೆ ಗೊತ್ತಿತ್ತು."

"ಮತ್ತೆ ಯಾಕೆ ಕೇಳಿದ್ದು?"

"ಇಲ್ಲ ಅಂತ ನೀನು ಹೇಳ್ಬೇಕಿತ್ತು, ಅದಕ್ಕೆ. ಹೌದು ಅಂದಿದ್ರೆ ನಾನು ಬಾರಿಸುದು ಬಿಡ್ಬೇಕಿತ್ತಲ್ಲ."

ಅವಳು ಹೊದಿಕೆಯ ಕೆಳಗಿದ್ದ ಎಡತೋಳನ್ನು ಎತ್ತಲು ಹೋಗಿ, ನೆನಪಾಗಿ ಬಿಟ್ಟಳು. ನಾನು ಕೂತುಕೊಳ್ಳಲೂ ಆಗದೆ, ಹೋಗಲೂ ಆಗದೆ ನಿಂತಿದ್ದೆ. ನನ್ನ ಸುಳ್ಳಿಗೆ ಅವಳು ಸಿಟ್ಟಾಗುತ್ತಾಳೆ, ಬೈಯುತ್ತಾಳೆ, ಅಷ್ಟಾದರೂ ನನಗೆ ಸಿಗುತ್ತದೆ ಎಂದುಕೊಂಡು ಬಂದಿದ್ದೆ. ಅವಳು ಅದನ್ನೂ ಕೊಡಲಿಲ್ಲ.

ಎರಡನೆಯ ವಿಚಾರಣೆ ಹೆಚ್ಚು ಹೊತ್ತು ನಡೆಯಲಿಲ್ಲ. ಒಂದೇ ಅಚ್ಚು, ಒಂದೇ ಮನೆ, ಎರಡು ಕೈ. ಲೋಕಯ್ಯ ಮೇಸ್ತ್ರಿ ಪುಸ್ತಕ ಬಿಡಿಸಿ ದೇಯಕ್ಕನ ಹೆಸರಿದ್ದ ಪುಟ ತೆಗೆದರು.

"ಬೇರೆ ಪೆಟ್ಟನ್ನು ಒಳಗೆ ತಂದವರು ಯಾರು?" ಎಂದು ಕೇಳಿದರು.

"ನಾನು," ಎಂದಳು ಗುಲಾಬಿ. "ಅಮ್ಮನ ಸಲವೂ ನಾನೇ. ಅಮ್ಮನದ್ದು ಕೈ ತಪ್ಪಿದ್ದಲ್ಲ. ಅಲ್ಲಿ ಬರೆದದ್ದನ್ನು ಹೊಡೆದು ಹಾಕಿ."

"ಬೇರೆ ಯಾರಾದ್ರೂ ಇದ್ರಾ?"

ಜಗಲಿಯ ಕಂಬಕ್ಕೆ ಒರಗಿ ನಾನು ನಿಂತಿದ್ದೆ. ನಾನು ಎಂಬ ಎರಡಕ್ಷರ ಬಾಯಲ್ಲಿತ್ತು. ಸೇತುವೆಯ ಆಚೆಯ ಸುಮ್ಮನಿರುವ ನೆಲ ಕಣ್ಣಿಗೆ ಕಟ್ಟಿತು. ಒಂದು ದೊಡ್ಡ ಪೆಟ್ಟು ಹೋಯಿತು, ಇನ್ನೊಂದು ಹೋಯಿತು, ಮತ್ತೊಂದು ಹೋಯಿತು.

"ಯಾರೂ ಇಲ್ಲ," ಎಂದಳು ಗುಲಾಬಿ.

ಅವಳನ್ನು ಸೇತುವೆ ದಾಟಿಸಿದ ದಿನ ದೇಯಕ್ಕನನ್ನು ಯಾರೂ ಹೋಗೆಂದಿರಲಿಲ್ಲ. ಅವರ ಹೆಸರಿನ ಮುಂದೆ ಬರೆದದ್ದನ್ನು ಮೇಸ್ತ್ರಿ ತಮ್ಮ ಕೈಯಾರೆ ಹೊಡೆದು ಹಾಕಿದ್ದರು. ಆದರೂ ಅವರು ಚೀಲ ಹೆಗಲಿಗೆ ಹಾಕಿಕೊಂಡು ಮಗಳ ಹಿಂದೆ ನಡೆದರು. ಸೇತುವೆಯ ಆ ತುದಿಯಲ್ಲಿ ಇಬ್ಬರೂ ಒಮ್ಮೆಗೇ ಮುಗ್ಗರಿಸಿದರು. ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು. ಈಚೆ ದಡದಲ್ಲಿ ನೆರೆದಿದ್ದ ಜನ ಮುಖ ತಿರುಗಿಸಿ ಮನೆಗೆ ಹೊರಟರು. ಎಲ್ಲರ ಹೆಜ್ಜೆ ಒಂದೇ ಆಗಿತ್ತು.

ಮೂರನೆಯ ಅಚ್ಚಿನಲ್ಲಿ ಕೂರಲು ಯಾರೂ ಒಪ್ಪಲಿಲ್ಲ. ನಾನು ಕೂತೆ. ಶಿಕ್ಷೆ ಎಂದುಕೊಂಡೇ ಕೂತದ್ದು. ಆ ಹಾಡು ಒಂದಲ್ಲ ಒಂದು ದಿನ ತಲೆಗೆ ಏರುತ್ತದೆ, ನನ್ನ ಕೈಯನ್ನೂ ಕೇಳುತ್ತದೆ, ಆಗ ಕೊಟ್ಟುಬಿಡುತ್ತೇನೆ ಎಂದುಕೊಂಡಿದ್ದೆ. ಆರು ವರ್ಷವಾಯಿತು. ಬಿತ್ತು, ತೆಗಿ, ಇಡು, ಬಿಡು. ಒಂದು ದಿನವೂ ಅದು ಬರಲಿಲ್ಲ. ಮೊದಲು ಇಡೀ ಹಾಡು ನೆನಪಿತ್ತು. ಆಮೇಲೆ ನಡುವಿನ ತುಂಡುಗಳು ಉದುರಿದವು. ಈಗ ಏಳು ಎಣಿಸಲು ಹೊರಟರೆ ಬಾಯಿ ತಾನಾಗಿ ಎಂಟನ್ನು ಸೇರಿಸಿಬಿಡುತ್ತದೆ. ಬೇಸ್ ಗಿಟಾರ್ ತೆಗೆದು ಕೂತೆ. ಬೆರಳು ಇಗರ್ಜಿಯ ಹಾಡುಗಳನ್ನೇ ಬಾರಿಸಿತು.

ಕಳೆದ ತಿಂಗಳು ಒಂದು ದಿನ ರಜೆ ಹಾಕಿ ಸೇತುವೆ ದಾಟಿದೆ. ನಾಲ್ಕು ಹೆಜ್ಜೆಗೇ ಮುಗ್ಗರಿಸಿದೆ. ಗೋಡೆ ಹಿಡಿದು, ಬೇಲಿ ಹಿಡಿದು, ಅವರ ಮನೆ ಕೇಳುತ್ತಾ ಹೋದೆ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ. ಬಾಗಿಲ ಮುಂದೆ ಚಾಪೆ ಹಾಕಿಕೊಂಡು ತಾಯಿ ಮಗಳು ಮಲ್ಲಿಗೆ ಕಟ್ಟುತ್ತಿದ್ದರು. ದೇಯಕ್ಕನಿಗೆ ಉಳಿದದ್ದು ಎಡಗೈ, ಗುಲಾಬಿಗೆ ಬಲಗೈ. ತೋಳಿಗೆ ತೋಳು ತಾಗಿಸಿ ಕೂತಿದ್ದರು. ಗುಲಾಬಿ ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ ಇಟ್ಟು ಹಿಡಿಯುತ್ತಿದ್ದಳು. ದೇಯಕ್ಕ ಬಾಳೆನಾರನ್ನು ಸುತ್ತಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದರು. ಇಬ್ಬರೂ ಒಣಗಿ ಕಡ್ಡಿಯಾಗಿದ್ದರು. ದೇಯಕ್ಕನಿಗೆ ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

"ಬೋನಿಯಾ? ಕೂತ್ಕೋ ಮಗಾ. ನಿಂತ್ರೆ ಬೀಳ್ತಿ," ಎಂದರು.

ಕೂತೆ. ಊರಿನ ಸುದ್ದಿ ಕೇಳಿದರು, ಹೇಳಿದೆ. ಲೋಕಯ್ಯ ಮೇಸ್ತ್ರಿ ತೀರಿಕೊಂಡದ್ದನ್ನು ಹೇಳಿದಾಗ ದೇಯಕ್ಕ ನಾರನ್ನು ಬಾಯಿಂದ ತೆಗೆದರು. ಗುಲಾಬಿ ತಲೆ ಎತ್ತಲಿಲ್ಲ. ಕೊನೆಗೆ ನಾನೇ ಕೇಳಿದೆ.

"ಗುಲಾಬಿ, ನನಗೆ ಆ ಹಾಡು ಮರ್ತುಹೋಗಿದೆ. ಒಮ್ಮೆ ಹೇಳ್ತೀಯಾ? ಒಂದೇ ಸಲ. ಮೆಲ್ಲಗೆ ಹೇಳಿದ್ರೂ ಸಾಕು."

ಅವಳು ಆಗ ನೋಡಿದಳು. ನನ್ನ ಮುಖವನ್ನಲ್ಲ. ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಿದ್ದ ನನ್ನ ಎರಡೂ ಕೈಗಳನ್ನು ನೋಡಿದಳು. ಒಂದೊಂದು ಬೆರಳನ್ನೂ ಬಿಡದೆ ನೋಡಿದಳು.

"ಬೇಡ ಬೋನಿ," ಎಂದಳು. "ನಿನ್ನ ಕೈ ಎರಡೂ ಉಂಟಲ್ಲ. ಮನೆಗೆ ಹೋಗು."

ಮತ್ತೆ ಬುಟ್ಟಿಗೆ ಬೆರಳು ಹಾಕಿ ನಾಲ್ಕು ಮೊಗ್ಗು ಆರಿಸಿದಳು. ದೇಯಕ್ಕ ನಾರು ಸುತ್ತಿದರು. ನಾನು ಮೂರೂವರೆಯ ಬಸ್ಸಿಗೆ ಹಿಂದಿರುಗಿದೆ.